ಬದುಕಿದ್ದವನ ಹೆಸರಿನ ಟವೆಲು

ಚೋಥಾವ್ ಬಾಗಿಲನ್ನು ಒದ್ದುಕೊಂಡು ಒಳಗೆ ನುಗ್ಗಿದಾಗ ಅವನ ಅತ್ತೆ ಬೊಂಗ್‌ಚಿಯ ಕಸೂತಿ ಮಿಷನ್ ಓಡುತ್ತಲೇ ಇತ್ತು. ಅವನ ಮೈಯಿಂದ ಹಂದಿಯ ಕೊಬ್ಬಿನ ವಾಸನೆ, ಬಾಯಿಂದ ಅಡಿಕೆ ಸುಣ್ಣದ ವಾಸನೆ. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಟವೆಲ್ ಗಂಟುಗಳ ಸಂದಿಯಲ್ಲಿ ಮುದುರಿ ಕೂತಿದ್ದ ಹೆಂಡತಿ ಲುವಾನಳ ಜಡೆಗೆ ಕೈ ಹಾಕಿ, ಹಗ್ಗ ಸುತ್ತಿದ ಹಾಗೆ ಮುಷ್ಟಿಗೆ ಸುತ್ತಿಕೊಂಡು ಎಳೆದ.

“ಅವ್ವಾ!” ಎಂದು ಲುವಾನ್ ಒಂದು ಸಲ ಕೂಗಿದಳು. ಇನ್ನೊಂದು ಕೂಗು ಗಂಟಲಿನಿಂದ ಮೇಲೆ ಬರುವಷ್ಟರಲ್ಲಿ ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು. ಹಲ್ಲೊಂದು ನೆಲದ ಮೇಲೆ ಪುಟಿದು ಮಿಷನ್ನಿನ ಅಡಿಗೆ ಉರುಳಿತು.

ಬೊಂಗ್‌ಚಿ ಎದ್ದು ಅಳಿಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಅವನು ನೊಣ ಕೊಡವಿದಂತೆ ಕೊಡವಿದ. ಮುದುಕಿ ಗೋಡೆಗೆ ಹೋಗಿ ಬಿದ್ದಳು.

“ಅತ್ತೆ, ನಿಮ್ಮ ಮಗಳಿಗೆ ಮನೆ ದಾರಿ ಮರ್ತು ಹೋಗೈತೆ. ತೋರಿಸೋಣ ಅಂತ ಬಂದೆ, ಅಷ್ಟೆ,” ಅಂದ. ನಗುನಗುತ್ತಲೇ ಅಂದ. “ಇನ್ನೊಂದು ಸಲ ಇವಳು ಹೊಸ್ತಿಲು ದಾಟಿದ್ರೆ ನೀವು ಕಾಯೋದು ಬೇಡ. ನಾನೇ ತಂದ್ಕೊಡ್ತೀನಿ. ಕಡಿದು, ಎಲೆ ಸುತ್ತಿ, ದಾರ ಕಟ್ಟಿ. ನನ್ನ ಕೆಲಸ ಎಷ್ಟು ಅಚ್ಚುಕಟ್ಟು ಅಂತ ಮಾರ್ಕೆಟ್ಟಿನೋರನ್ನ ಕೇಳಿ ನೋಡಿ.”

ಕಸೂತಿ ಮುಗಿದು ಮಡಚಿಟ್ಟಿದ್ದ ಬಿಳಿ ಟವೆಲೊಂದನ್ನು ಎತ್ತಿ ಕೈಯ ರಕ್ತ ಒರೆಸಿಕೊಂಡ. ಅದನ್ನು ಅತ್ತೆಯ ಮಡಿಲಿಗೆ ಎಸೆದು, ಹೆಂಡತಿಯನ್ನು ಬೀದಿಯುದ್ದಕ್ಕೂ ಎಳೆದುಕೊಂಡು ಹೋದ. ಬೀದಿಯಲ್ಲಿ ಸಾಲು ಮನೆಗಳು. ಎಲ್ಲ ಮನೆಗಳಲ್ಲೂ ಟವೆಲಿನ ಕೆಲಸವೇ. ಒಂದು ಕಡೆ ಅಂಚು ಹೊಲಿಯುತ್ತಾರೆ, ಇನ್ನೊಂದು ಕಡೆ ಮಡಚುತ್ತಾರೆ. ಯಾವ ಬಾಗಿಲೂ ತೆರೆಯಲಿಲ್ಲ. ಲುವಾನಳ ಒಂದು ಚಪ್ಪಲಿ ಚರಂಡಿಯ ಪಕ್ಕ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬರಲು ಹೋದವಳು ಬೊಂಗ್‌ಚಿ ಒಬ್ಬಳೇ.

ಇದು ಮೊದಲನೆಯ ಸಲವಲ್ಲ. ಹಿಂದೆಯೂ ಲುವಾನ್ ಓಡಿ ಬಂದಿದ್ದಳು. ಒಮ್ಮೆ ಮುರಿದ ಪಕ್ಕೆಲುಬಿನಲ್ಲಿ, ಒಮ್ಮೆ ಹೊಟ್ಟೆಯಲ್ಲಿದ್ದ ಕೂಸನ್ನು ಅವನ ಒದೆತಕ್ಕೆ ಕಳೆದುಕೊಂಡು, ಸೀಗಡಿಯಂತೆ ಸುರುಟಿಕೊಂಡು. ಬಂದ ಪ್ರತಿ ಸಲವೂ ಅವಳ ಬೆವರು ಆರುವ ಮೊದಲೇ ಚೋಥಾವ್‌ಗೆ ಸುದ್ದಿ ಮುಟ್ಟುತ್ತಿತ್ತು. ಐಸ್ ಮಾರುವವನು ಹೇಳುತ್ತಿದ್ದ, ಇಲ್ಲವೆ ಸೊಪ್ಪಿನವಳು ಹೇಳುತ್ತಿದ್ದಳು. ಕೇಳಿದರೆ, “ಅವನು ಕೇಳ್ದ, ಹೇಳ್ದೆ ಕಣಕ್ಕ. ಹೇಳ್ದೆ ಇದ್ರೆ ನಮ್ಮ ಅಂಗಡಿ ನಿಲ್ಲೋಕೆ ಬಿಡ್ತಾನಾ?” ಅನ್ನುತ್ತಿದ್ದರು. ಅವನು ಹಂದಿಮಾಂಸ ಮಾರುವ ಹುವೇ ಪಟ್ಟಣದ ಸಂತೆಕಟ್ಟೆ ಇಡೀ ಅವನ ಕಣ್ಣು, ಅವನ ಕಿವಿ.

ಬೊಂಗ್‌ಚಿ ಠಾಣೆಗೆ ಹೋದಳು. ಪೊಲೀಸಿನವನು ಚಹಾ ಲೋಟದ ಮುಚ್ಚಳ ತೆಗೆದು, ಊದಿ, ಮತ್ತೆ ಮುಚ್ಚಿದ.

“ಅಜ್ಜಿ, ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನಾವು ಮಧ್ಯ ಬಂದ್ರೆ ನಾಳೆ ಅವರಿಬ್ಬರೂ ಒಂದಾಗಿ ನಮ್ಮನ್ನೇ ಬಯ್ತಾರೆ.”

“ಇವನು ಉಂಡ ಮೇಲೇ ಹೊಡೆಯೋದು ಸ್ವಾಮಿ.”

“ಹಾಗಾದ್ರೆ ಸಾರಿಗೆ ಉಪ್ಪು ಸರಿಯಾಗಿ ಹಾಕೋಕೆ ಹೇಳಿ ಮಗಳಿಗೆ,” ಅಂದ ಅವನು. ಪಕ್ಕದ ಮೇಜಿನವನು ನಕ್ಕ.

ಅಲ್ಲಿಂದ ಅವಳು ಅಳಿಯನ ಮನೆಗೆ ನಡೆದಳು. ಸಕ್ಕರೆ ಕಾರ್ಖಾನೆಯ ರೈಲು ಹಳಿಯ ಆಚೆ ಆ ಮನೆ. ಅಂಗಳದಲ್ಲಿ ಹಂದಿಯ ಕೂದಲು ತೆಗೆಯಲು ನೀರು ಕಾಯಿಸುವ ದೊಡ್ಡ ಹಂಡೆ, ಪಕ್ಕದಲ್ಲಿ ತಗಡಿನ ಕೊಟ್ಟಿಗೆ. ಕೊಟ್ಟಿಗೆಯ ಬಾಗಿಲಿಗೆ ಹೊಸ ಬೀಗ. ಚೋಥಾವ್‌ನ ತಾಯಿ ಬಿಯೆನ್ ಬಾವಿಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕರುಳು ತೊಳೆಯುತ್ತಿದ್ದಳು. ಅವಳ ಎಡಗಿವಿ ಕೇಳಿಸುವುದಿಲ್ಲ. ಅದನ್ನು ಕೆಡಿಸಿದ್ದು ಮಗನ ಅಂಗೈ ಎಂದು ಊರಿಗೆಲ್ಲ ಗೊತ್ತು, ಅವಳು ಮಾತ್ರ ಜ್ವರದಿಂದ ಎನ್ನುತ್ತಾಳೆ.

“ಬೀಗಿತ್ತಿ, ಒಂದು ಸಲ ಮುಖ ತೋರ್ಸು. ನೋಡ್ಕೊಂಡು ಹೋಗ್ತೀನಿ.”

ಬಿಯೆನ್ ತಲೆ ಎತ್ತಲಿಲ್ಲ. “ಮುಖ ನೋಡೋ ಹಂಗೆ ಇಲ್ಲ. ಹೋಗು.”

“ಬೀಗದಕೈ ನಿನ್ನ ಸೊಂಟದಲ್ಲೇ ಐತಲ್ಲ.”

“ಐತೆ. ತೆಗೆದ್ರೆ ಅವಳನ್ನ ಕೊಲ್ತಾನೆ, ನನ್ನೂ ಕೊಲ್ತಾನೆ. ನನ್ನ ಕೊಲ್ಲೋದಕ್ಕೆ ನಾನೇನು ಅಡ್ಡಿ ಮಾಡಲ್ಲ. ಆದ್ರೆ ಅವಳು ಎಲ್ಲಿಗೆ ಓಡ್ತಾಳೆ ಹೇಳು? ಬಸ್ಸಿನೋನು ಹೇಳ್ತಾನೆ, ಐಸಿನೋನು ಹೇಳ್ತಾನೆ. ಊರು ತುಂಬ ಅವನಿಗೆ ನೆಂಟರು.” ಕರುಳನ್ನು ತಿರುವಿ ಹಾಕಿ ಉಪ್ಪು ಸವರಿದಳು. “ಎಲ್ರೂ ಅವನ ಜೊತೆ ಸೇರಿ ಕಟ್ಟಿರೋ ಹಗ್ಗ ಇದು. ನಾನೊಬ್ಬಳು ಬಿಚ್ಚಿದ್ರೆ ಬಿಚ್ಚುತ್ತಾ?”

ತಗಡಿನ ಹಿಂದೆ ಏನೋ ಒಂದು ಸಲ ಕೆರೆದ ಸದ್ದು. ಉಗುರಿನದೋ, ಇಲಿಯದೋ. ಬೊಂಗ್‌ಚಿ ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಹೊರಟಳು.

ಮನೆಗೆ ಬಂದವಳು ರಕ್ತದ ಟವೆಲನ್ನು ನೀರಿಗೆ ಹಾಕಿ ತಿಕ್ಕಿದಳು. ಟವೆಲಿನ ರಕ್ತ ಬೇರೆ ಬಟ್ಟೆಯ ರಕ್ತದಂತಲ್ಲ. ನೂಲಿನ ಸಣ್ಣ ಸಣ್ಣ ಕುಣಿಕೆಗಳ ಒಳಗೆ ಇಳಿದು ಕೂತರೆ ಮೇಲೆ ಬೆಳ್ಳಗೆ ಕಂಡರೂ ಹಿಂಡಿದಾಗಲೆಲ್ಲ ಗುಲಾಬಿ ನೀರು ಬರುತ್ತಲೇ ಇರುತ್ತದೆ. ತಿಕ್ಕಿ ತಿಕ್ಕಿ ಸೋತು, ಅದನ್ನು ಒಲೆಗೆ ತಳ್ಳಿದಳು. ಬಿಯೆನ್ ಆಡಿದ ಮಾತು ಕಿವಿಯಲ್ಲೇ ಇತ್ತು. ಹಗ್ಗ. ಊರೆಲ್ಲ ಸೇರಿ ಕಟ್ಟಿದ ಹಗ್ಗವನ್ನು ಊರೆಲ್ಲ ಸೇರಿಯೇ ಕಡಿಯಬೇಕು. ಸಂಬಂಧ ಕಡಿಯುವುದಕ್ಕೆ ಈ ಸೀಮೆಯವರ ಹತ್ತಿರ ಇರುವುದು ಒಂದೇ ವಸ್ತು, ಅದು ಅವಳ ಮನೆಯ ತುಂಬ ಗಂಟುಗಟ್ಟಲೆ ಬಿದ್ದಿತ್ತು.

ಮದುವೆಗೆ, ಮನೆ ಒಕ್ಕಲಿಗೆ ಟವೆಲ್ ಕೊಟ್ಟರೆ ಇಲ್ಲಿ ಜನ ಮುಖಕ್ಕೇ ಎಸೆಯುತ್ತಾರೆ. ಟವೆಲ್ ಕೊಡುವುದು ಸಾವಿನ ಮನೆಯಲ್ಲಿ. ಮಣ್ಣು ಮಾಡಲು ಬಂದವರ ಕೈಗೆ ಒಂದೊಂದು ಬಿಳಿ ಟವೆಲ್ ಇಡುತ್ತಾರೆ. ಅದನ್ನು ತೆಗೆದುಕೊಂಡವನಿಗೂ ಸತ್ತವನಿಗೂ ಅಲ್ಲಿಗೆ ಋಣ ಹರಿಯಿತು. ಹೋಗಿ ಬರುತ್ತೇನೆ ಎನ್ನುವಂತಿಲ್ಲ, ತಿರುಗಿ ನೋಡುವಂತಿಲ್ಲ, ನೆಟ್ಟಗೆ ನಡೆದುಬಿಡಬೇಕು.

ಟವೆಲ್ ಮಿಲ್ಲಿನವರು ಕೂಲಿಯ ಜೊತೆ ಕೊಟ್ಟಿದ್ದ, ನೇಯ್ಗೆ ತಪ್ಪಿದ ಟವೆಲುಗಳ ಗಂಟನ್ನು ಬೊಂಗ್‌ಚಿ ಬಿಚ್ಚಿದಳು. ಸಾವಿನ ಟವೆಲಿಗೆ ಯಾರೂ ಹೆಸರು ಹಾಕುವುದಿಲ್ಲ. ಅವಳು ಕಪ್ಪು ದಾರ ಏರಿಸಿದಳು.

ಟವೆಲಿನ ಮೇಲೆ ಕಸೂತಿ ಹಾಕುವುದು ಕೆಸರಿನಲ್ಲಿ ರಂಗೋಲಿ ಬಿಟ್ಟ ಹಾಗೆ. ಎಳೆ ಹಾಕುತ್ತ ಹೋದಂತೆ ಕುಣಿಕೆಗಳು ಅಕ್ಕಪಕ್ಕದಿಂದ ತಲೆ ಎತ್ತಿ ಅಕ್ಷರವನ್ನು ನುಂಗುತ್ತವೆ. ಅದಕ್ಕೇ ಬಟ್ಟೆಯ ಮೇಲೆ ತೆಳ್ಳನೆಯ ಕಾಗದ ಹಾಸಿ, ಮರದ ಬಳೆಯಲ್ಲಿ ಬಿಗಿದು, ಕಾಗದದ ಮೇಲೇ ಹೊಲಿದು, ಆಮೇಲೆ ಕಾಗದವನ್ನು ಹರಿದು ಹಾಕಬೇಕು. ಮಿಷನ್ನಿನ ಕೆಳಗಿರುವ ಕಂಬಿಯನ್ನು ಮೊಣಕಾಲಿನಿಂದ ಒತ್ತಿದಷ್ಟೂ ಹೊಲಿಗೆ ಅಗಲ. ಬೊಂಗ್‌ಚಿ ಕಂಬಿಯನ್ನು ಪೂರ್ತಿ ಒತ್ತಿದಳು. ಸೂಜಿ ಟವೆಲನ್ನು ತಿವಿಯುತ್ತಿತ್ತು, ತಿವಿಯುತ್ತಲೇ ಇತ್ತು. ಅವಳ ಕಣ್ಣಿಗೆ ಅದು ಹತ್ತಿ ಬಟ್ಟೆಯಾಗಿ ಕಾಣಲಿಲ್ಲ. ಮೂಡಿದ ಹೆಸರು, ತಾನ್ ಮನೆತನದ ಚೋಥಾವ್. ಚೋಥಾವ್ ಎಂದರೆ ಕಲ್ಲು. ಮಗು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು ಇಟ್ಟ ಹೆಸರು. ಉಳಿದಿತ್ತು.

ಎದುರು ಮನೆಯ ಹೆಂಗಸು ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ಇಣುಕಿದಳು. ಮೂಲಂಗಿ ಉಪ್ಪಿನಕಾಯಿ ಕಚ್ಚುತ್ತ ಕೇಳಿದಳು:

“ಕಪ್ಪು ದಾರ! ಯಾರು ಹೋದ್ರಕ್ಕ?”

“ನನ್ನ ಅಳಿಯ.”

“ಅಯ್ಯೋ! ಯಾವಾಗ?”

“ನಾಳೆ.”

ಉಪ್ಪಿನಕಾಯಿ ಅವಳ ಬಾಯಲ್ಲೇ ನಿಂತಿತು. “ನಿಂಗೆ ತಲೆ ನೆಟ್ಟಗೈತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಸಂತೆ ತುಂಬಿದ ಹೊತ್ತಿಗೆ ಬೊಂಗ್‌ಚಿ ಬಿದಿರ ಬುಟ್ಟಿ ಹೊತ್ತು ಬಂದಳು. ಎದೆಗೆ ಗೋಣಿತಟ್ಟಿನ ತುಂಡು ಸಿಕ್ಕಿಸಿಕೊಂಡಿದ್ದಳು, ಸೂತಕದವರ ಹಾಗೆ. ಜನ ದಾರಿ ಬಿಟ್ಟರು. ಅವಳು ನೆಟ್ಟಗೆ ಮಾಂಸದ ಸಾಲಿಗೆ ಹೋಗಿ, ಅಳಿಯನ ಅಂಗಡಿಯ ಎದುರಿಗೇ ನಿಂತು, ಮೊದಲ ಟವೆಲನ್ನು ಸೊಪ್ಪಿನವಳ ಮುಂದೆ ಹಿಡಿದಳು.

“ಚೋಥಾವ್ ತೀರಿಹೋದ. ತಗೋ.”

ಸೊಪ್ಪಿನವಳು ಕೊಕ್ಕೆಗಳ ನಡುವೆ ಕತ್ತಿ ಹಿಡಿದು ನಿಂತಿದ್ದ ಚೋಥಾವ್‌ನನ್ನು ನೋಡಿದಳು. ಬಟ್ಟೆಯ ಮೇಲಿನ ಕಪ್ಪು ಹೆಸರನ್ನು ನೋಡಿದಳು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು. ಬೊಂಗ್‌ಚಿ ಅದನ್ನು ಮೀನು ಮಾರುವ ಬಾನ್‌ಸಿಂಗ್‌ನ ಮುಂದೆ ಹಿಡಿದಳು. ಅವನೂ ತೆಗೆದುಕೊಳ್ಳಲಿಲ್ಲ.

“ನಿನ್ನ ಸಂಕಟ ನಂಗೆ ಗೊತ್ತಾಗುತ್ತೆ ಕಣಕ್ಕ,” ಅಂದ ಬಾನ್‌ಸಿಂಗ್, ಮೀನಿನ ಹೊಟ್ಟೆ ನೋಡುತ್ತ. “ಆದ್ರೆ ಟವೆಲ್ ಕೊಡ್ಬೇಕಾದೋರು ಸತ್ತೋರ ಮನೆಯವ್ರು. ನೀನು ಹೆಣ್ಣು ಕೊಟ್ಟ ಮನೆಯವ್ಳು. ನಿನ್ನ ಕೈಯಿಂದ ತಗೊಂಡ್ರೆ ಏನೂ ಹರಿಯಲ್ಲ.”

ಬೊಂಗ್‌ಚಿಯ ಕೈ ಗಾಳಿಯಲ್ಲೇ ನಿಂತಿತು. ಎಷ್ಟು ಸಾವು ನೋಡಿದ್ದಳು, ಎಷ್ಟು ಟವೆಲ್ ಮಡಚಿದ್ದಳು! ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ವಿಷಯ. ಮಗಳ ಹಲ್ಲು ನೆಲಕ್ಕೆ ಬಿದ್ದ ಗಳಿಗೆಯಿಂದ ಅವಳ ತಲೆಯಲ್ಲಿ ಸೂಜಿಯೊಂದೇ ಓಡುತ್ತಿತ್ತು; ಯಾರು ಕೊಡಬೇಕು ಎಂಬುದೇ ಮರೆತು ಹೋಗಿತ್ತು.

ಚೋಥಾವ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅತ್ತೆ ನನ್ನ ಸಾಯಿಸೋಕೆ ಬಂದವ್ರೆ, ಮಂತ್ರಾನೇ ಬಾಯಿಪಾಠ ಆಗಿಲ್ಲ!” ಎಂದು ಕಟ್ಟೆ ಇಳಿದು ಬಂದ. ಒಂದು ಟವೆಲ್ ಎತ್ತಿ, ಹೆಸರಿನ ಮೇಲೆ ಬೆರಳಾಡಿಸಿದ. “ಚೆನ್ನಾಗಿ ಹೊಲಿದಿದ್ದೀರ. ಯಾವ ಕೈಯಲ್ಲಿ ಹೊಲಿದ್ರಿ? ಇದಾ?”

ಅವಳ ಬಲಗೈಯನ್ನು ಹಿಡಿದು ಮಾಂಸ ಕಡಿಯುವ ಕೊರಡಿನ ಮೇಲೆ ಒತ್ತಿದ. ಕತ್ತಿಯನ್ನು ತಿರುಗಿಸಿ, ಅದರ ದಪ್ಪ ಬೆನ್ನಿನಿಂದ ಹೊಡೆದ. ಎಳೆಯ ಬಿದಿರು ಸೀಳಿದಂತೆ ಸದ್ದಾಯಿತು. ಮತ್ತೆ ಹೊಡೆದ. ಮೂಳೆಯ ಚೂರು ಚರ್ಮ ಹರಿದು ಹೊರಗೆ ಬಂತು. ಕೊರಡಿನ ಪಕ್ಕ ಹಂದಿಯ ತಲೆಯೊಂದು ಅರೆಗಣ್ಣು ಮುಚ್ಚಿ ಬೊಂಗ್‌ಚಿಯನ್ನೇ ನೋಡುತ್ತಿತ್ತು. ಸುತ್ತ ನಿಂತವರಲ್ಲಿ ಒಬ್ಬರೂ ಮಿಸುಕಲಿಲ್ಲ. ತಕ್ಕಡಿಯ ತಟ್ಟೆಯೊಂದು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

“ಇನ್ನು ಹೊಲೀರಿ,” ಅಂದ ಅವನು. ಅವಳನ್ನು ಬಿಟ್ಟ. ಅವಳು ಕುಸಿದಳು. ಬುಟ್ಟಿ ಉರುಳಿ, ಬಿಳಿ ಟವೆಲುಗಳು ರಕ್ತ, ಮೀನಿನ ನೀರು ಎಲ್ಲದರ ಮೇಲೂ ಚೆಲ್ಲಾಡಿದವು.

ಆಗ ಅಂಗಡಿಯ ಹಿಂದಿನಿಂದ ಬಿಯೆನ್ ಬಂದಳು. ತೂಕದ ಹಲಗೆಯ ಹಿಂದೆ ಯಾವಾಗಲೂ ಕೂತಿರುವ ಮುದುಕಿ. ಅವಳು ಅಲ್ಲಿದ್ದಾಳೆ ಎಂಬುದೇ ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ. ಬಗ್ಗಿ ಒಂದೊಂದೇ ಟವೆಲ್ ಆರಿಸಿಕೊಂಡಳು. ಕೊಡವಿ ಬುಟ್ಟಿಗೆ ಹಾಕಿದಳು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಾನ್‌ಸಿಂಗ್‌ನ ಮುಂದೆ ನಿಂತು, ಎರಡೂ ಕೈಯಿಂದ ಒಂದನ್ನು ಮುಂದೆ ಹಿಡಿದಳು.

“ನನ್ನ ಮಗ ಹೋದ,” ಅಂದಳು. “ಕಳಿಸಿಕೊಡೋಕೆ ಬಂದಿದ್ದೀರ. ದೊಡ್ಡ ಉಪಕಾರ ಆಯ್ತು.”

ಸಾವಿನ ಮನೆಯಲ್ಲಿ ಹೆತ್ತವಳು ಆಡುವ ಮಾತು ಅದು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

“ಅವ್ವಾ!” ಚೋಥಾವ್‌ನ ನಗು ಇನ್ನೂ ತುಟಿಯ ಮೇಲೇ ಇತ್ತು. “ನಿಂಗೇನು ದೆವ್ವ ಹಿಡೀತಾ? ನಾನು ಇಲ್ಲೇ ಇದ್ದೀನಿ!”

ಬಿಯೆನ್‌ಗೆ ಕೇಳಿಸಲಿಲ್ಲವೋ, ಕೇಳಿಸಿತೋ. ಅವಳ ಕೆಟ್ಟ ಕಿವಿ ಅವನ ಕಡೆಗಿತ್ತು. ಬಾನ್‌ಸಿಂಗ್ ಕೈಯನ್ನು ಅಂಗಿಗೆ ಒರೆಸಿಕೊಂಡ. ಟವೆಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿಸಿ, ಬೆನ್ನು ತಿರುಗಿಸಿ ನಡೆದ. ಆಮೇಲೆ ಸೊಪ್ಪಿನವಳು. ಆಮೇಲೆ ಐಸಿನವನು. ಬೇಡವೆನ್ನುವ ಹಾಗಿಲ್ಲ. ಹೆತ್ತವಳು ಕೊಟ್ಟ ಟವೆಲನ್ನು ಬೇಡವೆಂದರೆ ಸತ್ತವನು ನಿಮ್ಮ ಹಿಂದೆಯೇ ಮನೆಗೆ ಬರುತ್ತಾನೆ.

“ಏಯ್, ಐಸು! ಹಾಕೋ ಕೆಳಗೆ! ನಿಮ್ಮಪ್ಪನ ಕಾಲದಿಂದ ನನ್ನ ಅಂಗಡಿಗೆ ಐಸ್ ಹಾಕ್ತಿದ್ದೀಯ, ಮರ್ತ್ಯಾ?”

ಐಸಿನವನು ತಿರುಗಿ ನೋಡಲಿಲ್ಲ. ಯಾರೂ ನೋಡಲಿಲ್ಲ. ಚೋಥಾವ್ ಒಬ್ಬನ ಭುಜ ಹಿಡಿದು ಅಲ್ಲಾಡಿಸಿದ, ಆ ಮನುಷ್ಯ ಕಣ್ಣನ್ನು ದೂರದಲ್ಲೆಲ್ಲೋ ನೆಟ್ಟು ಅಲ್ಲಾಡಿಸಿಕೊಂಡ. ಚೋಥಾವ್‌ನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ಹೆದರಿದವನ ಸಿಟ್ಟು ಬೇರೆ. ಎರಡು ಹೆಜ್ಜೆಗೆ ತಾಯಿಯನ್ನು ಮುಟ್ಟಿ, ಅವಳ ತುರುಬು ಹಿಡಿದು ತಲೆಯನ್ನು ಕಟ್ಟೆಯ ಕಲ್ಲಿಗೆ ಅಪ್ಪಳಿಸಿದ. ಅವಳು ಎದ್ದಳು. ಹಣೆಯಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಮತ್ತೊಂದು ಟವೆಲ್ ತೆಗೆದು ಮುಂದಿನವರ ಕೈಗಿಟ್ಟಳು.

“ಕಳಿಸಿಕೊಡೋಕೆ ಬಂದಿದ್ದೀರ. ದೊಡ್ಡ ಉಪಕಾರ ಆಯ್ತು.”

ಅವನು ಕತ್ತಿ ಎತ್ತಿದ. ಈ ಸಲ ಬೆನ್ನಲ್ಲ, ಅಲಗು.

ಬಾನ್‌ಸಿಂಗ್‌ನ ಬಿದಿರ ಅಡ್ಡೆಕೋಲು ಎಲ್ಲಿಂದ ಬಂತೋ, ಕತ್ತಿ ಹಿಡಿದ ಮಣಿಕಟ್ಟಿನ ಮೇಲೆ ಬಿತ್ತು. ಕತ್ತಿ ಹಾರಿ ಮೀನಿನ ಬುಟ್ಟಿಗೆ ಬಿದ್ದಿತು. ಎರಡನೆಯ ಏಟು ಮೊಣಕಾಲಿಗೆ. ಚೋಥಾವ್ ನೆಲ ಹಿಡಿದ. ಮೂಳೆಗೆ ಅಡ್ಡೆಕೋಲು ಬಡಿಯುವ ಸದ್ದು ಕೇಳಿ, ಹೋದವರು ಹಿಂದಕ್ಕೆ ಬಂದರು. ಕುತ್ತಿಗೆಯಲ್ಲಿ ಬಿಳಿ ಟವೆಲ್ ಹಾಕಿಕೊಂಡ ಗಂಡಸರು. ನೆಲಕ್ಕೆ ಬಿದ್ದವನ ಮುಖವನ್ನು ಈಗಲೂ ನೋಡಲಿಲ್ಲ. ಆಕಾಶ ನೋಡುತ್ತ, ಕಂಬ ನೋಡುತ್ತ ಹೊಡೆದರು. ಐಸಿನವನು ಐಸ್ ಎಳೆಯುವ ಕಬ್ಬಿಣದ ಕೊಕ್ಕೆಯಲ್ಲಿ ಹೊಡೆದ. ಇಷ್ಟು ವರ್ಷ ಅವನಿಗೆ ಸುದ್ದಿ ಹೇಳಿ ಹೇಳಿ ಸಾಕಾಗಿದ್ದವರು, ತಮ್ಮ ಹೇಡಿತನವನ್ನೆಲ್ಲ ಅವನ ಪಕ್ಕೆಯೊಳಗೆ ತುಂಬುತ್ತಿದ್ದರು.

“ಸತ್ತಿರೋನಿಗೆ ಹೊಡೆದ್ರೆ ಯಾವ ಪಾಪ?” ಎಂದು ಯಾರೋ ಏದುಸಿರಿನಲ್ಲಿ ಅಂದರು. “ಕೇಳೋಕೆ ಯಾವ ಪೊಲೀಸು ಬರ್ತಾನೆ?”

ಬೊಂಗ್‌ಚಿ ಚಚ್ಚಿದ ಕೈಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. ಅವಳು ಕೇಳಿದ್ದು ಒಂದು ಬೀಗ ತೆಗೆಯುವಷ್ಟು ದಾರಿ. ಅಷ್ಟೇ. ಈ ಏಟಿನ ಮಳೆ ಅವಳು ಕರೆದದ್ದಲ್ಲ, ಅಥವಾ ಅವಳೇ ಕರೆದದ್ದು. ಸಾಕು ನಿಲ್ಲಿಸಿ ಅನ್ನಲು ಬಾಯಿ ತೆರೆದಳು. ತಗಡಿನ ಹಿಂದೆ ಕೆರೆದ ಸದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ಬಿಯೆನ್ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡೇ ಅವಳ ಒಳ್ಳೆಯ ಕೈ ಹಿಡಿದಳು. “ನಡಿ ಬೀಗಿತ್ತಿ. ಬೀಗ ತೆಗೀಬೇಕು.”

ಇಬ್ಬರೂ ರೈಲು ಹಳಿ ದಾಟಿದರು. ಕಬ್ಬು ತುಂಬಿದ ಗಾಡಿಗಳು ಹಾದು ಹೋಗುತ್ತಿದ್ದವು. ಕಾಯಲೇಬೇಕಾಯಿತು. ಕಾಯುತ್ತ ನಿಂತಾಗ ಒಬ್ಬಳ ಹಣೆಯಿಂದ, ಇನ್ನೊಬ್ಬಳ ಬೆರಳಿನಿಂದ ಜಲ್ಲಿಯ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

ಕೊಟ್ಟಿಗೆಯ ಬಾಗಿಲು ತೆಗೆದಾಗ ಲುವಾನ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ತಲೆಯನ್ನು ಎರಡೂ ತೋಳಿನಲ್ಲಿ ಮುಚ್ಚಿಕೊಂಡಿದ್ದಳು. ಬಾಗಿಲ ಸದ್ದಿಗೇ ಅವಳು ಉಚ್ಚೆ ಹೊಯ್ದುಕೊಂಡಿದ್ದಳು. ಜಡೆ ಇರಲಿಲ್ಲ, ಹಂದಿಯ ಕೂದಲು ತೆಗೆಯುವ ಕತ್ತಿಯಲ್ಲೇ ಅದನ್ನು ಬುಡದಿಂದ ಕೊಯ್ದಿದ್ದ.

“ನಾನು ಕಣೆ. ಅವ್ವ.”

ಅವಳು ನಂಬಲಿಲ್ಲ. ಹತ್ತಿರ ಕೂತು, ಕಿವಿಯ ಹತ್ತಿರ ಬಾಯಿಟ್ಟು ಬೊಂಗ್‌ಚಿ ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೆ ತಿರುಗಿದಳು. ತಾಯಿಯ ಕೈ ನೋಡಿದಳು. “ನಿನ್ನ ಕೈ...” ಅಂದಳು, ಊದಿದ ಬಾಯಲ್ಲಿ.

“ಕೈ ಹಾಳಾಗ್ಲಿ. ಏಳು.”

ಅಂಗಳಕ್ಕೆ ಬರುವಷ್ಟರಲ್ಲಿ ಬಿಯೆನ್ ದೊಡ್ಡ ಹಂಡೆಗೆ ಬಾವಿಯಿಂದ ನೀರು ಸೇದಿ ಸೇದಿ ಸುರಿಯುತ್ತಿದ್ದಳು. ಒಲೆಗೆ ಬೆಂಕಿ ಹಾಕಿಯಾಗಿತ್ತು.

“ಬೀಗಿತ್ತಿ, ನೀನೂ ಬಾ,” ಎಂದಳು ಬೊಂಗ್‌ಚಿ. “ಇಲ್ಲಿ ಏನು ಮಾಡ್ತೀಯ?”

“ಟವೆಲ್ ಹಂಚಿದೋಳು ನಾನು. ಹೆಣ ತೊಳೆಯೋ ಕೆಲಸಾನೂ ನಂದೇ. ನೀವು ನಡೀರಿ. ಸಂತೇಲಿ ಬಸ್ಸಿನೋನಿಗೂ ಒಂದು ಟವೆಲ್ ಕೊಟ್ಟಿದ್ದೀನಿ, ಏನೂ ಕೇಳಲ್ಲ.”

ಗೇಟು ದಾಟುವ ಮೊದಲೇ ಅವನನ್ನು ತಂದರು. ಮಾಂಸ ಇಡುವ ಹಲಗೆಯ ಮೇಲೆ ಮಲಗಿಸಿ, ಬಾನ್‌ಸಿಂಗ್ ಒಂದು ಕಡೆ, ಐಸಿನವನು ಇನ್ನೊಂದು ಕಡೆ. ಗೇಟಿನ ಒಳಗೆ ಇಳಿಸಿ ಹೊರಟುಹೋದರು. ಚೋಥಾವ್ ಸತ್ತಿರಲಿಲ್ಲ. ದವಡೆ ಒಂದು ಕಡೆಗೆ ತಿರುಗಿತ್ತು, ಕಾಲು ಕಾಲಿನ ಹಾಗಿರಲಿಲ್ಲ, ಎದೆ ಮಾತ್ರ ಏರಿ ಇಳಿಯುತ್ತಿತ್ತು. ಉಳಿದಿದ್ದ ಒಂದು ಕಣ್ಣು ಅಂಗಳವನ್ನೆಲ್ಲ ಹುಡುಕಿ, ಲುವಾನಳ ಮೇಲೆ ನಿಂತಿತು.

“ಲುವಾನ್,” ಎಂದಿತು ಆ ಬಾಯಿ. “ನೀರು.”

ಲುವಾನ್ ನಿಂತಳು. ತಾಯಿ ಅವಳ ಕಾಲನ್ನೇ ನೋಡಿದಳು. ಎಷ್ಟು ಸಲ ಹೀಗೇ ನಿಂತು, ಎಷ್ಟು ಸಲ ಹಿಂದಕ್ಕೆ ಹೋಗಿದ್ದಾಳೆ ಇವಳು! ಮಗಳ ಕಾಲು ಗೇಟಿನ ಕಡೆಗೂ ಇಲ್ಲ, ಹಲಗೆಯ ಕಡೆಗೂ ಇಲ್ಲ. ಹಂಡೆಯ ಕೆಳಗೆ ಕಟ್ಟಿಗೆ ಚಟಚಟ ಎಂದಿತು.

ಅವಳು ಹಲಗೆಯ ಹತ್ತಿರ ಹೋದಳು. ಬಗ್ಗಿ ಅವನ ಮುಖ ನೋಡಿದಳು, ಬಹಳ ಹೊತ್ತು, ಇಷ್ಟು ಹತ್ತಿರದಿಂದ ಹೆದರಿಕೆಯಿಲ್ಲದೆ ಎಂದೂ ನೋಡಿರದವಳ ಹಾಗೆ. ಆಮೇಲೆ ಅತ್ತೆಯ ಕಡೆ ತಿರುಗಿ, “ನೀರು ಕೇಳ್ತಾವ್ರೆ,” ಅಂದಳು. ಅಷ್ಟು ಹೇಳಿ, ಹಲಗೆಯನ್ನು ಬಳಸಿಕೊಂಡು ನಡೆದು, ಬರಿಗಾಲಲ್ಲೇ ಗೇಟಿನಿಂದ ಹೊರಗೆ ಹೋದಳು.

ಬಿಯೆನ್ ಚೊಂಬಿನಲ್ಲಿ ಬಿಸಿನೀರು ಮೊಗೆದು ತಂದು ಮಗನ ತಲೆಯ ಹತ್ತಿರ ಕೂತಳು. ಒರೆಸಲು ಏನಾದರೂ ಬೇಕಿತ್ತು. ಬುಟ್ಟಿಯಲ್ಲಿ ಕೈಯಾಡಿಸಿದಳು.

“ಹೆಸರು ಇಲ್ಲದ್ದು ಒಂದೂ ಇಲ್ವಾ ಬೀಗಿತ್ತಿ?”

“ಇಲ್ಲ,” ಅಂದಳು ಬೊಂಗ್‌ಚಿ. “ಎಲ್ಲಾದರ ಮೇಲೂ ಹಾಕಿದ್ದೀನಿ.”

ಬಿಯೆನ್ ತನ್ನ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನೀರಿನಲ್ಲಿ ಅದ್ದಿದಳು. ಬೊಂಗ್‌ಚಿ ಇನ್ನೂ ನಿಂತೇ ಇರುವುದನ್ನು ಕಂಡು, “ಹೋಗೇ ತಾಯಿ,” ಎಂದು ರೇಗಿದಳು. “ಮಗಳು ಒಬ್ಬಳೇ ಹೋಗ್ತಾವಳೆ.”